ಮೇಷ್ಟ್ರು ಬೋರ್ಡಿನ ಮೇಲೆ ಬರೆದ 325

ಶಿವಮೊಗ್ಗದ ನಮ್ಮ ಹಾಸ್ಟೆಲಿನಲ್ಲಿ ಭಾನುವಾರ ಚರ್ಚಿನ ಬಲಿಪೂಜೆ (ಮಾಸ್) ಮುಗಿದ ಮೇಲೆ ಧರ್ಮೋಪದೇಶದ ತರಗತಿ ಇರುತ್ತಿತ್ತು. ಪಾಠ ಮಾಡುತ್ತಿದ್ದವರು ನಮ್ಮ ಚರಿತ್ರೆ ಮೇಷ್ಟ್ರೇ. ‘ದೇವರಿಂದ ದೇವರು, ಬೆಳಕಿನಿಂದ ಬೆಳಕು’ ಅಂತ ವಿಶ್ವಾಸ ಪ್ರಮಾಣವನ್ನು, ಅಂದರೆ ಕ್ರೈಸ್ತರು ತಾವು ನಂಬುವುದನ್ನು ಹೇಳಿಕೊಳ್ಳುವ ಪ್ರಾರ್ಥನೆಯನ್ನು, ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆವು. ಅದೆಲ್ಲ ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ.

ಒಂದು ಸಲ ಸಾಗರದ ಕಡೆಯ ಗೆಳೆಯ ಊರಿಂದ ತುಂಬಾ ಬೇಜಾರಿನಲ್ಲಿ ವಾಪಸ್ ಬಂದ. ಅವನ ಅಪ್ಪನಿಗೆ ಮಂಗನ ಕಾಯಿಲೆ. ದರಗು (ಒಣ ಎಲೆ) ತರಲು ಕಾಡಿಗೆ ಹೋದಾಗ ಉಣ್ಣಿ ಕಚ್ಚಿತ್ತು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಮಂಗ ಸತ್ತು ಬಿದ್ದಿದೆ ಅಂದರೆ ಈಗಲೂ ನಮ್ಮ ಕಡೆ ಊರೆಲ್ಲ ಹೆದರುತ್ತದೆ. ಬಿಟ್ಟಿದ್ದ ಜ್ವರ ಅಪ್ಪನಿಗೆ ಮತ್ತೆ ಮರುಕಳಿಸಿತ್ತು. ಮನೆಗೆ ಬಂದ ಬೋಧಕರೊಬ್ಬರು, ‘ನಿಮಗೆ ವಿಶ್ವಾಸ ಕಮ್ಮಿ, ಅದಕ್ಕೇ ಹೋಗ್ತಿಲ್ಲ’ ಅಂದುಬಿಟ್ಟರಂತೆ. ಜ್ವರಕ್ಕಿಂತ ಆ ಮಾತೇ ಅವರನ್ನು ಹಣ್ಣು ಮಾಡಿತ್ತು. ‘ಸರ್, ಅದು ನಿಜವಾ?’ ಅಂತ ಗೆಳೆಯ ತರಗತಿಯಲ್ಲೇ ಕೇಳಿದ.

ಮೇಷ್ಟ್ರು ಅವತ್ತಿನ ಪಾಠ ಬಿಟ್ಟರು. ಬೋರ್ಡಿನ ಮೇಲೆ 325 ಅಂತ ಬರೆದರು. ಅದು ಕ್ರಿಸ್ತಶಕದ ಇಸವಿ. ಅಲೆಕ್ಸಾಂಡ್ರಿಯಾದ ಏರಿಯಸ್ ಎಂಬ ಪಾದ್ರಿ, ಪುತ್ರನೂ (ಅಂದರೆ ಯೇಸುವೂ) ದೇವರು ಸೃಷ್ಟಿಸಿದವನೇ, ಅವನು ಇಲ್ಲದಿದ್ದ ಕಾಲವೂ ಇತ್ತು ಎಂದು ಬೋಧಿಸಿದ್ದ. ಗಲಾಟೆ ಹೆಚ್ಚಾಗಿ, ಚಕ್ರವರ್ತಿ ಕಾನ್‌ಸ್ಟಂಟೈನ್ ಧರ್ಮಾಧ್ಯಕ್ಷರನ್ನೆಲ್ಲ (ಬಿಷಪ್‌ಗಳನ್ನೆಲ್ಲ) ನೈಸಿಯಾಕ್ಕೆ ಕರೆಸಿದ. ಈಗಿನ ಟರ್ಕಿಯ ಇಜ್ನಿಕ್ ಅದು. ಪುತ್ರ ಸೃಷ್ಟಿಯಾದವನಲ್ಲ, ಪಿತನಂತೆಯೇ ನಿಜ ದೇವರು ಎಂದು ಆ ಸಭೆ ತೀರ್ಮಾನಿಸಿತು. ನಾವು ಒಪ್ಪಿಸುತ್ತಿದ್ದ ‘ದೇವರಿಂದ ದೇವರು’ ಅನ್ನುವ ಸಾಲು ಬಂದದ್ದು ಅಲ್ಲಿಂದಲೇ. ಜಗಳವೇನೂ ಅಲ್ಲಿಗೆ ಮುಗಿಯಲಿಲ್ಲ. ಆ ಮಾತು ಬಿಟ್ಟುಕೊಡದ ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷ ಅತನಾಸಿಯಸ್ ಐದು ಸಲ ಗಡಿಪಾರಾದರು.

‘ಈಗ ಹೇಳ್ರಪ್ಪಾ’ ಅಂದರು ಮೇಷ್ಟ್ರು. ‘ಏರಿಯಸ್ ಹೇಳಿದ್ದು ಸರಿಯಾದರೆ, ದೇವರು ತಾನು ಮೇಲೆ ಕೂತು ಶಿಲುಬೆಗೆ ಬೇರೆ ಯಾರನ್ನೋ ಕಳಿಸಿದ ಹಾಗಾಯ್ತು, ಅಲ್ವಾ? ನೈಸಿಯಾ ಹೇಳಿದ್ದು ಸರಿಯಾದರೆ ದೇವರೇ ಮನುಷ್ಯರಾಗಿ ಬಂದು ನೋವು ತಿಂದರು. ಹಾಗಿದ್ದ ಮೇಲೆ, ನರಳುವವರ ಹತ್ತಿರ ದೇವರಿಲ್ಲ ಅಂತ ಹೇಗ್ರೋ ಹೇಳೋದು?’

ಆಮೇಲೆ ಬೈಬಲಿನ ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯ ಓದಿಸಿದರು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪ ಎಂದು ಕೇಳುತ್ತಾರೆ. ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಎನ್ನುತ್ತಾರೆ ಯೇಸುಸ್ವಾಮಿ. ಗೆಳೆಯ ಅದನ್ನು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು ಅಪ್ಪನಿಗೆ ಕಳಿಸಿದ.

ವಿಶ್ವಾಸ ಅಂದರೆ ದೇವರಿಗೆ ಕಟ್ಟುವ ಬೆಲೆ ಅಲ್ಲ ಅನ್ನುವುದು ನನಗೆ ಅವತ್ತೇ ಹೊಳೆಯಿತು. 1999ರಲ್ಲಿ ಕಥೋಲಿಕರೂ, ಪ್ರೊಟೆಸ್ಟೆಂಟರ ಒಂದು ಪಂಗಡವಾದ ಲೂಥರನ್ನರೂ, ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದಲೇ, ನಮ್ಮ ಯೋಗ್ಯತೆಯಿಂದಲ್ಲ ಎಂದು ಒಟ್ಟಿಗೆ ಸಹಿ ಹಾಕಿದ ಸುದ್ದಿ ಓದಿದಾಗ ಮೇಷ್ಟ್ರೇ ನೆನಪಾದರು.

ಈಗ ಆ ಬೋಧಕರಂಥವರ ಮಾತು ಎಲ್ಲರ ಮೊಬೈಲಿನಲ್ಲೂ ಇದೆ. ಕಾಣಿಕೆ ಕೊಟ್ಟರೆ ಸಿರಿ, ವಿಶ್ವಾಸ ಇದ್ದರೆ ಆರೋಗ್ಯ. ಇವತ್ತು ಧರ್ಮಸಭೆಯ ಮುಂದಿರುವ ದೊಡ್ಡ ಪ್ರಶ್ನೆ ಇದೇ ಅಂತ ನನಗನ್ನಿಸುತ್ತದೆ. ರೋಗಿಗಳಿಗಾಗಿ ಪ್ರಾರ್ಥಿಸುವುದು ಸಭೆಯ ಕೆಲಸವೇ, ಬೇಡ ಅಂದವರಾರು? ಆದರೆ ಮಲಗಿದವರ ಮೇಲೇ ತಪ್ಪು ಹೊರಿಸುವುದು ಕ್ರೂರ. ನಮ್ಮ ಶಾಲೆಯಲ್ಲಿ ಈಗ ಧರ್ಮೋಪದೇಶ ಮಾಡುವವರಲ್ಲಿ ಒಂದು ವಿನಂತಿ: ವಿಶ್ವಾಸ ಪ್ರಮಾಣವನ್ನು ಸುಮ್ನೆ ಬಾಯಿಪಾಠ ಮಾಡಿಸಬೇಡಿ. ಮೊದಲು ಆ 9ನೇ ಅಧ್ಯಾಯ ಓದಿಸಿ, ಮಕ್ಕಳಿಗೆ ಪ್ರಶ್ನೆ ಕೇಳಲು ಬಿಡಿ.