ಆ ಹತ್ತು ಎಕರೆ ಅವರಿಗೆ ಸಿಗ್ತಿತ್ತಾ?

ನಾನು ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಸಿಲಬಸ್‌ನಲ್ಲಿ ಇರಲಿ ಬಿಡಲಿ, ವರ್ಷಕ್ಕೊಮ್ಮೆ ಅವರ ಜೊತೆ ಕೂತು ಒಂದು ಸಣ್ಣ ಕಾದಂಬರಿ ಓದುತ್ತೇನೆ. ಜಾನ್ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’, 1937ರಲ್ಲಿ ಬಂದದ್ದು. ಓದಿ ಮುಗಿಸಿದ ದಿನ ಕ್ಲಾಸು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಮೇಲೆ ಯಾರಾದರೂ ಕೇಳೇ ಕೇಳುತ್ತಾರೆ: “ಮೇಡಂ, ಕೊನೆಗೆ ಹಾಗೆ ಆಗದೇ ಇದ್ದಿದ್ರೆ ಅವರಿಗೆ ಆ ಜಮೀನು ಸಿಗ್ತಿತ್ತಾ?”

ಮೊದಮೊದಲು “ಇಲ್ಲಪ್ಪ, ಅದು ಬರೀ ಕನಸು” ಅಂದುಬಿಡುತ್ತಿದ್ದೆ. ಈಗ ಹಾಗೆ ಹೇಳೋಕೆ ಮನಸ್ಸು ಬರುವುದಿಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ.

ಓದದವರಿಗೆ ಕಥೆ ಚುಟುಕಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಕೆಲಸವೇ ಸಿಗದೆ ಜನ ಅಲೆಯುತ್ತಿದ್ದ ಕಾಲ. ಜಾರ್ಜ್ ಮತ್ತು ಲೆನ್ನಿ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿ ಮಾಡಿಕೊಂಡು ಊರಿಂದ ಊರಿಗೆ ಹೋಗುವವರು. ಲೆನ್ನಿಗೆ ಆನೆಯ ಬಲ, ಮಗುವಿನ ಬುದ್ಧಿ. ಮೆತ್ತಗಿರುವುದನ್ನೆಲ್ಲ ಸವರಬೇಕು ಅನ್ನಿಸುತ್ತದೆ ಅವನಿಗೆ. ಇಲಿ, ನಾಯಿಮರಿ, ಕೂದಲು, ಏನಾದರೂ ಸರಿ. ಸವರುತ್ತಾ ಸವರುತ್ತಾ ಕೊಂದೇಬಿಡುತ್ತಾನೆ. ಇಬ್ಬರಿಗೂ ಒಂದೇ ಆಸೆ, ಸ್ವಂತದ್ದೊಂದು ಚೂರು ನೆಲ. ಸೋಲೆಡಾಡ್ ಎಂಬ ಊರಿನ ಹತ್ತಿರದ ಒಂದು ರಾಂಚಿಗೆ, ಅಂದರೆ ದೊಡ್ಡ ಫಾರ್ಮಿಗೆ, ಕೆಲಸಕ್ಕೆ ಬರುತ್ತಾರೆ. ಸೋಲೆಡಾಡ್ ಅಂದರೆ ಸ್ಪ್ಯಾನಿಷ್‌ನಲ್ಲಿ ಒಂಟಿತನ. ಸ್ಟೈನ್‌ಬೆಕ್ ಹೆಸರು ಕಟ್ಟಿದ್ದಲ್ಲ, ನಿಜವಾಗಿಯೂ ಇರುವ ಊರು. ಅವನು ಹುಟ್ಟಿದ ಸಲಿನಾಸ್ ಅಲ್ಲೇ ಹತ್ತಿರ. ಅಂಥ ರಾಂಚುಗಳಲ್ಲಿ ಅವನೂ ಬೆವರು ಸುರಿಸಿದ್ದ.

ರಾಂಚಿನಲ್ಲಿ ನಾಲ್ಕು ದಿನವೂ ಪೂರ್ತಿಯಾಗುವುದಿಲ್ಲ. ಮಾಲೀಕನ ಮಗ ಕರ್ಲಿಯ ಹೆಂಡತಿ ಲೆನ್ನಿಯ ಕೈಯಲ್ಲಿ ಸಾಯುತ್ತಾಳೆ. ಅವನನ್ನು ಹಿಡಿದು ಕೊಲ್ಲಲು ಜನ ಹೊರಡುತ್ತಾರೆ. ಅವರ ಕೈಗೆ ಸಿಗುವ ಮೊದಲು ಜಾರ್ಜ್ ತಾನೇ ಅವನಿಗೆ ಗುಂಡು ಹೊಡೆಯುತ್ತಾನೆ.

ಈಗ ಜಮೀನಿನ ಲೆಕ್ಕಕ್ಕೆ ಬರೋಣ. ಪುಸ್ತಕದಲ್ಲಿ ಅದು ತುಂಬಾ ಸ್ಪಷ್ಟವಾಗಿದೆ, ಆದರೆ ನಾವು ಅಳುತ್ತಾ ಓದುವುದರಿಂದ ಗಮನಕ್ಕೆ ಬರುವುದಿಲ್ಲ.

ಹತ್ತು ಎಕರೆ. ಒಂದು ಪುಟ್ಟ ಮನೆ, ಕೋಳಿಗೂಡು, ಹಣ್ಣಿನ ಗಿಡ, ಮೊಲಗಳಿಗೆ ಕುದುರೆ ಮೆಂತೆ ಬೆಳೆಯಲು ಜಾಗ, ಬೇಕಾದಷ್ಟು ನೀರು. ಮಾಲೀಕರು ವಯಸ್ಸಾದ ದಂಪತಿ. ಕೈಯಲ್ಲಿ ಕಾಸಿಲ್ಲ, ಅಜ್ಜಿಗೆ ಆಪರೇಷನ್ ಆಗಬೇಕು. ಅದಕ್ಕೆ 600 ಡಾಲರ್‌ಗೆ ಕೊಡುತ್ತಾರೆ. ಜಾರ್ಜ್, ಲೆನ್ನಿ ಇಬ್ಬರದ್ದೂ ಸೇರಿ ಇರುವುದು 10 ಡಾಲರ್. ತಿಂಗಳ ಸಂಬಳ ತಲಾ 50. ಹೀಗೇ ಇದ್ದಿದ್ದರೆ ಅದು ಖಂಡಿತ ಬರೀ ಕನಸೇ.

ಆದರೆ ಅಲ್ಲಿ ಕ್ಯಾಂಡಿ ಎಂಬ ಮುದುಕ ಇದ್ದಾನೆ, ಕಸ ಗುಡಿಸುವವನು. ಅದೇ ರಾಂಚಿನಲ್ಲಿ ಅವನ ಒಂದು ಕೈ ಹೋಗಿದೆ. ಅದಕ್ಕೆ ಪರಿಹಾರವಾಗಿ 250 ಡಾಲರ್ ಬಂದಿದೆ, ಉಳಿಸಿದ್ದು 50, ತಿಂಗಳ ಕೊನೆಗೆ ಇನ್ನೊಂದು 50 ಬರುತ್ತದೆ. ಅಂದರೆ 350. ನನ್ನನ್ನೂ ಸೇರಿಸಿಕೊಳ್ಳಿ ಅನ್ನುತ್ತಾನೆ. ಆ ಕ್ಷಣಕ್ಕೆ ಮೂವರೂ ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಯಾಕಂದ್ರೆ ಅಲ್ಲಿಯವರೆಗೆ ಜಾರ್ಜ್ ಕೂಡ ಅದನ್ನು ನಂಬಿರಲಿಲ್ಲ.

ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ ನಾನು. ಮೊದಲ ತಿಂಗಳು ಮುಗಿದಾಗ ಕ್ಯಾಂಡಿಯ 350, ಇವರಿಬ್ಬರ ಸಂಬಳ 100, ಕೈಯಲ್ಲಿದ್ದ 10. ಒಟ್ಟು 460. ಇನ್ನೊಂದು ತಿಂಗಳು ಮೂವರೂ ಖರ್ಚು ಮಾಡದೆ ದುಡಿದರೆ 150. ಅಲ್ಲಿಗೆ 610. ಎರಡೇ ತಿಂಗಳು! ಸಿಗ್ತಿತ್ತಾ ಅಂದರೆ, ಹೌದು, ಸಿಗ್ತಿತ್ತು.

ಇಷ್ಟಕ್ಕೇ ಪ್ರಶ್ನೆ ಮುಗಿಯುವುದಿಲ್ಲ. ಕೊಟ್ಟಿಗೆಯಲ್ಲಿ ಕರ್ಲಿಯ ಹೆಂಡತಿಯ ಹೆಣ ಬಿದ್ದಿದೆ. ಪಕ್ಕದಲ್ಲಿ ನಿಂತು ಕ್ಯಾಂಡಿ ಜಾರ್ಜ್‌ನನ್ನು ಅಂಗಲಾಚುತ್ತಾನೆ: ನಾವಿಬ್ಬರೇ ಆದರೂ ಆ ಜಾಗ ತಗೋಬಹುದು ಅಲ್ವಾ? ಬೋರ್ಡಿಗೆ ವಾಪಸ್ ಬನ್ನಿ. ಲೆನ್ನಿಯ ಸಂಬಳ ತೆಗೆದುಹಾಕಿ. ಮೊದಲ ತಿಂಗಳಿಗೆ 410, ಎರಡನೆಯದಕ್ಕೆ 510, ಮೂರನೆಯದಕ್ಕೆ 610. ಒಂದೇ ಒಂದು ತಿಂಗಳು ಜಾಸ್ತಿ ಅಷ್ಟೇ. ಕ್ಯಾಂಡಿ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ದುಡ್ಡು ಎಲ್ಲೂ ಹೋಗಿಲ್ಲ.

ಜಾರ್ಜ್ ಬಾಯಿ ಬಿಡುವ ಮೊದಲೇ ಮುದುಕನಿಗೆ ಗೊತ್ತಾಗುತ್ತದೆ, ತಲೆ ತಗ್ಗಿಸುತ್ತಾನೆ. ತಿಂಗಳು ದುಡಿದು, ಆ 50 ಡಾಲರ್ ತಗೊಂಡು ಯಾವುದಾದರೂ ಹಾಳು ಸೂಳೆಮನೆಯಲ್ಲಿ ರಾತ್ರಿ ಕಳೆಯುತ್ತೇನೆ ಅನ್ನುತ್ತಾನೆ ಜಾರ್ಜ್. ಅದೇ 50 ಡಾಲರ್. ಇದು ನಡೆಯುವುದಿಲ್ಲ ಅಂತ ಮೊದಲಿಂದಲೂ ಗೊತ್ತಿತ್ತೇನೋ, ಲೆನ್ನಿಗೆ ಕೇಳುವುದು ಅಷ್ಟು ಇಷ್ಟ, ಅದಕ್ಕೇ ನನಗೂ ನಿಜ ಅನ್ನಿಸತೊಡಗಿತ್ತು ಅಂತಲೂ ಹೇಳುತ್ತಾನೆ.

ನನ್ನ ಉತ್ತರ ಇರುವುದು ಈ ಮಾತಲ್ಲಿ. ಆ ಜಮೀನು ನಿಂತಿದ್ದು ಕೇಳುವವನ ಮೇಲೆ. ಮಳೆ ಬಂದ ದಿನ ಕೆಲಸಕ್ಕೆ ಹೋಗಲ್ಲ ಅಂತ ಒಲೆ ಹಚ್ಚಿ ಕೂತು, ಸೂರಿನ ಮೇಲೆ ಬೀಳುವ ಮಳೆ ಕೇಳ್ತಾ ಇರೋಣ ಅಂತ ಜಾರ್ಜ್ ಹೇಳುವಾಗ, “ಮೊಲದ ಬಗ್ಗೆ ಹೇಳು” ಅನ್ನೋಕೆ ಒಬ್ಬ ಇರಬೇಕು. ಕ್ಯಾಂಡಿಗೆ ಜಮೀನು ಬೇಕು. ಅದನ್ನು ನೂರು ಸಲ ಕೇಳುವ ಹುಚ್ಚು ಇದ್ದದ್ದು ಲೆನ್ನಿಗೆ ಮಾತ್ರ.

ಹೀಗೆ ನೋಡಿದ ಮೇಲೆ ಉಳಿದವರೂ ನನಗೆ ಬೇರೆ ಥರ ಕಾಣತೊಡಗಿದರು. ಕ್ಯಾಂಡಿಯ ಮುದಿ ನಾಯಿಯನ್ನು ನಾರುತ್ತದೆ ಅಂತ ಕಾರ್ಲ್‌ಸನ್ ಗುಂಡು ಹೊಡೆಯಲು ಕರೆದುಕೊಂಡು ಹೋಗುತ್ತಾನೆ. ಆಳುಗಳೆಲ್ಲ ಒಳಗೆ ಕೂತು ಆ ಸದ್ದಿಗೆ ಕಾಯುತ್ತಾರೆ. ಜಾರ್ಜ್ ಇಸ್ಪೀಟು ಕಲಸುತ್ತಾನೆ. ನೆಲದ ಹಲಗೆಯಡಿ ಏನೋ ಕಡಿಯುವ ಸಣ್ಣ ಸದ್ದು. ಆಮೇಲೆ ಗುಂಡು. ಮುದುಕ ಗೋಡೆಯ ಕಡೆ ಹೊರಳಿ ಮಲಗುತ್ತಾನೆ. ಅದೇ ರಾತ್ರಿ, ಅದೇ ಹಾಸಿಗೆಯಿಂದ ಅವನು ತನ್ನ 350 ಡಾಲರ್ ಮುಂದಿಡುವುದು. ನಾಯಿ ಬದುಕಿದ್ದರೆ ಬಾಯಿ ಬಿಡುತ್ತಿದ್ದನೋ ಇಲ್ಲವೋ.

ಇನ್ನು ಕ್ರೂಕ್ಸ್. ಕುದುರೆ ಲಾಯದ ಪಕ್ಕದ ಕೋಣೆಯಲ್ಲಿ ಒಬ್ಬನೇ ಇರುವ ಕಪ್ಪು ಮನುಷ್ಯ. ಬಿಳಿಯರು ಅವನನ್ನು ಒಳಗೆ ಸೇರಿಸುವುದಿಲ್ಲ. ತಲೆಯಲ್ಲಿ ಜಮೀನು ಇಟ್ಟುಕೊಂಡು ಬಂದವರನ್ನು ನೂರಾರು ಮಂದಿ ನೋಡಿದ್ದೇನೆ, ಒಬ್ಬನಿಗೂ ಸಿಕ್ಕಿಲ್ಲ ಅಂತ ನಗುತ್ತಾನೆ. ಐದು ನಿಮಿಷ ಇವರ ಜೊತೆ ಕೂತದ್ದೇ ತಡ, ಸಂಬಳ ಬೇಡ, ಊಟ ಹಾಕಿದರೆ ಸಾಕು, ನಾನೂ ಬರ್ತೀನಿ ಅನ್ನುತ್ತಾನೆ. ಕರ್ಲಿಯ ಹೆಂಡತಿ ಬಂದು, ನಿನ್ನನ್ನು ಮರಕ್ಕೆ ನೇಣು ಹಾಕಿಸಬಲ್ಲೆ ಅಂತ ಗದರಿದ ಮೇಲೆ, ಸುಮ್ನೆ ತಮಾಷೆಗೆ ಅಂದಿದ್ದು ಅಂತ ಮಾತು ವಾಪಸ್ ತಗೊಳ್ಳುತ್ತಾನೆ. ನನಗೆ ಇಡೀ ಪುಸ್ತಕದಲ್ಲಿ ಲೆನ್ನಿಯ ಸಾವಿಗಿಂತ ಈ ಪುಟವೇ ಜಾಸ್ತಿ ಕಷ್ಟ.

ಅವಳಾದರೂ ಎಂಥವಳು? ಅವಳಿಗೆ ಪುಸ್ತಕದಲ್ಲಿ ಹೆಸರೇ ಇಲ್ಲ. ಸಿನಿಮಾಕ್ಕೆ ಸೇರಿಸುತ್ತೇನೆ ಅಂತ ಯಾರೋ ಹೇಳಿದ್ದ, ಕಾಗದ ಬರಲೇ ಇಲ್ಲ, ಅಮ್ಮನೇ ಕದ್ದಿರಬೇಕು ಅಂದುಕೊಂಡಿದ್ದಾಳೆ. ಸಾಯುವ ಮುಂಚೆ ಹುಲ್ಲಿನ ಮೇಲೆ ಕೂತು ಲೆನ್ನಿಗೆ ಇದನ್ನೆಲ್ಲ ಹೇಳುತ್ತಾಳೆ. ಅವನು ಸತ್ತ ನಾಯಿಮರಿಯ ಚಿಂತೆಯಲ್ಲಿದ್ದಾನೆ, ನಡುನಡುವೆ ಮೊಲದ ಮಾತು ಆಡುತ್ತಾನೆ. ಅವಳು ಅವಳ ಕನಸು, ಇವನು ಇವನ ಕನಸು. ಯಾರೂ ಯಾರದ್ದನ್ನೂ ಕೇಳುತ್ತಿಲ್ಲ.

ನನ್ನದೂ ಒಂದು ಮಾತು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಂಗಳೂರಿನ ಹಾಸ್ಟೆಲ್‌ನಲ್ಲಿ ನಾನೂ ಗೆಳತಿಯೊಬ್ಬಳೂ ಒಂದೇ ರೂಮಿನಲ್ಲಿದ್ದೆವು. ಅವಳು ಶಿರಸಿ ಕಡೆಯವಳು. ಲೈಟ್ ಆರಿಸಿದ ಮೇಲೆ ದಿನಾ ಒಂದೇ ಮಾತು. ಊರ ದಾರಿಯಲ್ಲಿ ಸಣ್ಣ ಹೋಟೆಲ್ ಇಡೋದು. ಬೆಳಗ್ಗೆ ತೆಳ್ಳೇವು, ಅದಕ್ಕೆ ಜೋನಿ ಬೆಲ್ಲ. ಸಂಜೆ ಬನ್ಸ್. ಬಾಗಿಲಿಗೆ ಯಾವ ಬಣ್ಣ ಅನ್ನೋದಕ್ಕೇ ವಾರಗಟ್ಟಲೆ ಜಗಳ. ಅವಳು ಮದುವೆಯಾಗಿ ಪುಣೆಗೆ ಹೋದಳು. ಹತ್ತು ವರ್ಷದ ನಂತರ ನನ್ನ ಕೈಯಲ್ಲಿ ಅಷ್ಟು ದುಡ್ಡು ಇತ್ತು. ಮನೆಯವರೂ “ಮಾಡು, ನಾನಿದ್ದೀನಿ” ಅಂದರು. ಅವರಿಗೆ ಹೋಟೆಲ್ ಹೇಗಿರುತ್ತೆ ಅಂತ ಹೇಳೋಕೆ ಕೂತೆ. ಎರಡು ವಾಕ್ಯದ ಮೇಲೆ ಮಾತೇ ಹೊರಡಲಿಲ್ಲ. ಆಮೇಲೆ ಆ ವಿಷಯ ಎತ್ತಲಿಲ್ಲ.

ಅದಕ್ಕೇ ನದಿ ದಡದ ಕೊನೆಯ ದೃಶ್ಯವನ್ನು ಕ್ಲಾಸಿನಲ್ಲಿ ಜೋರಾಗಿ ಓದುವುದು ನನಗೆ ಆಗುವುದಿಲ್ಲ, ಯಾರಾದರೂ ವಿದ್ಯಾರ್ಥಿಗೆ ಕೊಡುತ್ತೇನೆ. ಜಾರ್ಜ್ ಲೆನ್ನಿಗೆ ಟೋಪಿ ತೆಗೆದು ಆಚೆ ದಡ ನೋಡು ಅನ್ನುತ್ತಾನೆ. ಹಸು, ಹಂದಿ, ಕೋಳಿ, ಮೊಲದ ಮೆಂತೆ, ಎಲ್ಲವನ್ನೂ ಕೊನೆಯ ಸಲ ಹೇಳುತ್ತಾನೆ, ಹಿಂದೆ ಪಿಸ್ತೂಲು ಹಿಡಿದ ಕೈ ನಡುಗುತ್ತಿದೆ. ಲೆನ್ನಿಗೆ ಅದು ನದಿಯಾಚೆ ಕಾಣುತ್ತಿದೆ.

ಕಳೆದ ವರ್ಷ ಇದನ್ನು ಓದಿದ ಹುಡುಗಿ ಪುಸ್ತಕ ಮುಚ್ಚಿ ಕೂತಿದ್ದಳು. ಬೆಲ್ ಆಯಿತು, ಎಲ್ಲರೂ ಎದ್ದರು. ಬೋರ್ಡಿನ ಮೇಲೆ ನನ್ನ ಲೆಕ್ಕ ಇನ್ನೂ ಇತ್ತು. ಅದನ್ನು ನೋಡುತ್ತಾ ಕೇಳಿದಳು: “ಮೇಡಂ, ಆ ಅಜ್ಜಿಯ ಆಪರೇಷನ್ ಏನಾಯ್ತು?”

ಅಷ್ಟು ವರ್ಷ ಓದಿಸಿದ್ದೇನೆ, ಆ ಮನೆ ಮಾರಿದರೆ ಅವರಿಬ್ಬರು ಎಲ್ಲಿಗೆ ಹೋಗುತ್ತಿದ್ದರು ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ.