ದೂರ ನಿಂತು ಕೆಮಿಸ್ಟ್ರಿ ಕಲಿತ ದಾಕ್ಷಾಯಣಿ

ಕಾಸರಗೋಡಿನ ಕನ್ನಡ ಶಾಲೆ ಮುಗಿಸಿ ಎರ್ನಾಕುಲಂನ ಮಹಾರಾಜಾಸ್ ಕಾಲೇಜಿಗೆ ಕೆಮಿಸ್ಟ್ರಿ ಓದಲು ಹೋದ ನಮ್ಮಂಥವರು ಅಲ್ಲಿನ ಹಳೆಯ ವಿದ್ಯಾರ್ಥಿಗಳಲ್ಲಿ ಮೊದಲು ನೆನೆಯಬೇಕಾದ ಹೆಸರು ದಾಕ್ಷಾಯಣಿ ವೇಲಾಯುಧನ್. ಅವರು ಅಲ್ಲಿ ಬಿ.ಎಸ್‌ಸಿ. ಪಾಸಾದದ್ದು 1935ರಲ್ಲಿ. ವಿಜ್ಞಾನದಲ್ಲಿ ಪದವಿ ಪಡೆದ ದೇಶದ ಮೊದಲ ದಲಿತ ಮಹಿಳೆ. ಮುಂದೆ ಸಂವಿಧಾನ ರಚನಾ ಸಭೆಯ 15 ಮಹಿಳೆಯರಲ್ಲಿ ದಲಿತರೆಂದರೆ ಅವರೊಬ್ಬರೇ. ನಮ್ಮ ಶಾಲೆಯ ಸಂಚಿಕೆಗೆ ಅವರ ಬಗ್ಗೆಯೇ ಬರೆಯೋಣ ಎನಿಸಿತು. ಲ್ಯಾಬಿನಲ್ಲಿ ಕೈಯಾಡಿಸುತ್ತಿರುವ ಮಕ್ಕಳಿಗೆ ಅವರು ಪಟ್ಟ ಪಾಡು ಬೇರೆ ಯಾರಿಗಿಂತ ಬೇಗ ಅರ್ಥವಾಗುತ್ತದೆ.

ಹುಟ್ಟಿದ್ದು 1912ರ ಜುಲೈ 4ರಂದು, ಕೊಚ್ಚಿ ಸಂಸ್ಥಾನದ ಮುಳವುಕಾಡ್ ದ್ವೀಪದಲ್ಲಿ, ಅಸ್ಪೃಶ್ಯರೆಂದು ದೂರವಿಟ್ಟಿದ್ದ ಪುಲಯ ಸಮುದಾಯದಲ್ಲಿ. ಮರುವರ್ಷವೇ ಅಲ್ಲಿ ಕಾಯಲ್ (ಹಿನ್ನೀರು) ಸಮ್ಮೇಳನ ನಡೆಯಿತು. ಎರ್ನಾಕುಲಂನ ನೆಲದ ಮೇಲೆ ಪುಲಯರು ಸಭೆ ಸೇರುವಂತಿರಲಿಲ್ಲ. ಹಾಗಾಗಿ ಸಮಾಜ ಸುಧಾರಕ ಪಂಡಿತ ಕರುಪ್ಪನ್ ಮೊದಲಾದವರು ಹಿನ್ನೀರಿನಲ್ಲಿ ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಅದರ ಮೇಲೆಯೇ ಸಭೆ ನಡೆಸಿದರು. ನೀರಿಗೆ ಆ ನಿಷೇಧ ಅನ್ವಯಿಸುತ್ತಿರಲಿಲ್ಲ. ಈ ಚಳವಳಿಯಲ್ಲಿ ದಾಕ್ಷಾಯಣಿಯವರ ಮನೆತನದವರೂ ಇದ್ದರು. ಹೋರಾಟ ಅವರಿಗೆ ಮನೆಯಲ್ಲೇ ಸಿಕ್ಕಿದ್ದು.

ಕಾಲೇಜಿನಲ್ಲಿ ಮೇಲ್ಜಾತಿಯ ಅಧ್ಯಾಪಕರು ಅವರಿಗೆ ಪ್ರಯೋಗ ತೋರಿಸಲು ಒಪ್ಪಲಿಲ್ಲ. ದೂರದಿಂದ ನೋಡಿಯೇ ಅವರು ಕಲಿತರು. ಓದುವಾಗ ಇದು ಒಂದು ಸಾಲಿನ ಸಂಗತಿ. ಆದರೆ ಪ್ರಾಕ್ಟಿಕಲ್ ಮಾಡಿದವರು ಆ ಸಾಲಿನಲ್ಲಿ ನಿಂತು ಯೋಚಿಸಬೇಕು. ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ ಬ್ಯೂರೆಟ್ಟು; ಅದರ ಅತಿ ಸಣ್ಣ ಗೆರೆ 0.1 ಮಿ.ಲೀ. ದ್ರಾವಣದ ಬಾಗಿದ ಮೇಲ್ಮೈಯ ತಳ ಕಣ್ಣಿನ ಮಟ್ಟಕ್ಕೇ ಬರಬೇಕು. ಮೇಲಿನಿಂದ ನೋಡಿದರೆ ಅಂಕಿ ಕಡಿಮೆ ಬರುತ್ತದೆ, ಕೆಳಗಿನಿಂದ ನೋಡಿದರೆ ಹೆಚ್ಚು. ಬಣ್ಣದಿಂದ ಸೂಚನೆ ಕೊಡುವ ಫೀನಾಫ್ತಲೀನ್ ಹಾಕಿದ ಆಮ್ಲಕ್ಕೆ ಕ್ಷಾರ ಬಿಡುವಾಗ ಎಡಗೈ ತಿರುಪಿನ ಮೇಲೆ, ಬಲಗೈ ಫ್ಲಾಸ್ಕ್ ಅಲ್ಲಾಡಿಸುತ್ತಿರಬೇಕು. ತಿಳಿ ಗುಲಾಬಿ ಬಣ್ಣ ಅರ್ಧ ನಿಮಿಷ ಉಳಿದರೆ ಅದೇ ಅಂತ್ಯಬಿಂದು, ಅಂದರೆ ಕ್ಷಾರ ಬಿಡುವುದನ್ನು ನಿಲ್ಲಿಸಬೇಕಾದ ಹಂತ. ಸ್ವಲ್ಪ ಮೈಮರೆತರೂ ಬಣ್ಣ ಕಡುವಾಗಿ ಮತ್ತೆ ಮೊದಲಿಂದ ಮಾಡಬೇಕು. ನೈಟ್ರೇಟ್ ಪತ್ತೆಗೆ ಕಂದು ಉಂಗುರ ಬರಿಸುವುದಂತೂ ಪೂರ್ತಿ ಕೈಚಳಕದ ಕೆಲಸ. ಆಗತಾನೇ ಮಾಡಿದ ಫೆರಸ್ ಸಲ್ಫೇಟ್ ದ್ರಾವಣ ಬೆರೆಸಿ, ಪ್ರನಾಳ ಓರೆ ಹಿಡಿದು, ಗೋಡೆಗುಂಟ ಗಂಧಕಾಮ್ಲ ಇಳಿಯಬಿಡಬೇಕು. ಅಲುಗಿಸಿದರೆ ಉಂಗುರ ಕರಗಿಹೋಗುತ್ತದೆ. ದೂರದಲ್ಲಿ ನಿಂತವರಿಗೆ ಕಾಣುವುದು ಬಣ್ಣ ಮಾತ್ರ. ಗೆರೆ, ಹನಿ, ಕೈಯ ಓರೆ ಯಾವುದೂ ಕಾಣದು. ಒಬ್ಬ ವಿದ್ಯಾರ್ಥಿಯನ್ನು ಮೇಜಿನಿಂದ ದೂರ ನಿಲ್ಲಿಸುವುದೆಂದರೆ ವಿದ್ಯೆಯ ಮುಖ್ಯ ಭಾಗವನ್ನೇ ಕಿತ್ತುಕೊಂಡಂತೆ. ಅಷ್ಟಾದರೂ ಅವರು ಪದವಿ ಪಡೆದರು.

ಆಮೇಲೆ ಮದ್ರಾಸಿನಲ್ಲಿ ಅಧ್ಯಾಪಕ ತರಬೇತಿ, ಸರ್ಕಾರಿ ಹೈಸ್ಕೂಲುಗಳಲ್ಲಿ ಕೆಲಸ. ಪೆರಿಂಗೋಟ್ಟುಕರದಲ್ಲಿ ಪಾಠ ಮಾಡುತ್ತಿದ್ದಾಗ ಗದ್ದೆಯ ಬದುವಿನ ಮೇಲೆ ಎದುರಾದ ಮೇಲ್ಜಾತಿಯ ಹೆಂಗಸು ಕೆಳಗಿಳಿದು ದಾರಿ ಬಿಡುವಂತೆ ಹೇಳಿದಳು. ಟೀಚರ್ ಕದಲಲಿಲ್ಲ. ಕೊನೆಗೆ ಗದ್ದೆಗೆ ಇಳಿದದ್ದು ಆ ಹೆಂಗಸೇ. 1940ರಲ್ಲಿ ಸೇವಾಗ್ರಾಮದಲ್ಲಿ ಗಾಂಧೀಜಿ, ಕಸ್ತೂರ್ಬಾ ಸಮ್ಮುಖದಲ್ಲಿ ಆರ್. ವೇಲಾಯುಧನ್ ಅವರೊಂದಿಗೆ ಮದುವೆಯಾಯಿತು.

1945ರಲ್ಲಿ ಕೊಚ್ಚಿ ಶಾಸನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಮರುವರ್ಷ ಮದ್ರಾಸ್ ಪ್ರಾಂತ್ಯದಿಂದ ಸಂವಿಧಾನ ರಚನಾ ಸಭೆಗೆ ಆರಿಸಿ ಬಂದಾಗ ವಯಸ್ಸು 34. ಆಗ ವೋಟು ಹಾಕಿದವರು ಜನರಲ್ಲ, ಪ್ರಾಂತೀಯ ಶಾಸಕರು. ಆ ಶಾಸಕರನ್ನು ಆರಿಸಿದ್ದೂ ಆಸ್ತಿ, ತೆರಿಗೆ, ಓದಿನ ಅರ್ಹತೆ ಇದ್ದ ಕೆಲವರು. 1948ರ ನವೆಂಬರ್ 8ರಂದು ದಾಕ್ಷಾಯಣಿ, ಸಂವಿಧಾನಕ್ಕೆ ಸಾರ್ವತ್ರಿಕ ಚುನಾವಣೆಯ ಮೂಲಕ ಜನರ ಒಪ್ಪಿಗೆ ಸಿಗಬೇಕು ಎಂದು ಕೇಳಿದ್ದನ್ನು ಈ ಹಿನ್ನೆಲೆಯಲ್ಲೇ ಓದಬೇಕು. ಅಧಿಕಾರವೆಲ್ಲ ಕೇಂದ್ರದಲ್ಲಿ ಕೂಡಿಬಿಡುತ್ತದೆ, ಸ್ಥಳೀಯ ಆಡಳಿತ ಸೊರಗುತ್ತದೆ ಎಂದೂ ಅಂದೇ ಎಚ್ಚರಿಸಿದರು.

ಒಂದು ಸಮುದಾಯದ ಪ್ರತಿನಿಧಿಯನ್ನು ಆ ಸಮುದಾಯದವರಷ್ಟೇ ವೋಟು ಹಾಕಿ ಆರಿಸುವ ಪ್ರತ್ಯೇಕ ಮತಕ್ಷೇತ್ರಗಳನ್ನು ಅವರು ಒಪ್ಪಲಿಲ್ಲ. 1947ರ ಆಗಸ್ಟ್‌ನಲ್ಲಿ ಆಡಿದ ಮಾತಿನ ಸಾರ ಇಷ್ಟು: ದಲಿತರು ಬೇರೆಯವರ ಆರ್ಥಿಕ ಗುಲಾಮರಾಗಿರುವವರೆಗೆ ಪ್ರತ್ಯೇಕ ಮತಕ್ಷೇತ್ರಕ್ಕಾಗಲಿ ಎಲ್ಲರೂ ಸೇರಿ ವೋಟು ಹಾಕುವ ಜಂಟಿ ಮತಕ್ಷೇತ್ರಕ್ಕಾಗಲಿ ಅರ್ಥವಿಲ್ಲ. ಯಾವ ಬಗೆಯ ಮೀಸಲಾತಿಯೂ ತಮಗೆ ಇಷ್ಟವಿಲ್ಲ ಎಂದೂ ಹೇಳಿದರು. ಮೊದಲ ಮಾತಿಗೆ ನಮ್ಮ ಪೂರ್ತಿ ಒಪ್ಪಿಗೆಯಿದೆ. ಎರಡನೆಯದಕ್ಕೆ ಇಲ್ಲ. ಇವತ್ತು ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗೆ ಮೀಸಲು. ಸಾಮಾನ್ಯ ಕ್ಷೇತ್ರಗಳಲ್ಲಿ ಪಕ್ಷಗಳು ದಲಿತರಿಗೆ ಟಿಕೆಟ್ ಕೊಡುವುದು ಎಷ್ಟು ಅಪರೂಪ ಎಂಬುದನ್ನು ನೋಡಿದರೆ, ಆ 36 ಇಲ್ಲದೆ ದಲಿತರ ದನಿ ಸದನಕ್ಕೆ ತಲುಪುತ್ತಿರಲಿಲ್ಲ.

1948ರ ನವೆಂಬರ್ 29ರಂದು ಅಸ್ಪೃಶ್ಯತೆಯ ವಿಧಿ ಚರ್ಚೆಗೆ ಬಂತು. ಕರಡಿನಲ್ಲಿ ಅದು 11ನೆಯದು, ಈಗ 17ನೆಯದು. ಗಾಂಧೀಜಿಗೆ ಜೈಕಾರದ ನಡುವೆ ಸಭೆ ಅದನ್ನು ಅಂಗೀಕರಿಸಿತು. ದಾಕ್ಷಾಯಣಿ ಅದನ್ನು ಸ್ವಾಗತಿಸಿದರು. ಆದರೆ ಸಂವಿಧಾನ ಹೇಗೆ ನಡೆಯುತ್ತದೆ ಎಂಬುದು ಜನ ಮುಂದೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನೇ ಅವಲಂಬಿಸಿದೆ ಎಂದೂ ಹೇಳಿದರು. ವಿಧಿಯನ್ನು ಓದಿ ನೋಡಿ. ಅಸ್ಪೃಶ್ಯತೆ ಎಂದರೇನು ಎಂಬ ವ್ಯಾಖ್ಯೆ ಅಲ್ಲಿಲ್ಲ. ಆಚರಿಸಿದರೆ ಅಪರಾಧ ಎನ್ನುತ್ತದೆ, ಎಷ್ಟು ಶಿಕ್ಷೆ ಎನ್ನುವುದಿಲ್ಲ. ಅದಕ್ಕೆ ಸಂಸತ್ತಿನ ಕಾಯ್ದೆ ಬೇಕಿತ್ತು, ಅದು ಬಂದದ್ದು 1955ರಲ್ಲಿ. ಅಂದರೆ ಸಂವಿಧಾನ ಜಾರಿಯಾದ ಮೇಲೂ ಐದು ವರ್ಷ, ಅಪರಾಧವೆಂದು ಬರೆದಿಟ್ಟದ್ದಕ್ಕೆ ಇಡೀ ದೇಶಕ್ಕೊಂದು ಶಿಕ್ಷೆ ಇರಲಿಲ್ಲ. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಿಸಿದರು. ಅದೂ ಸಾಲದೆ 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ತರಬೇಕಾಯಿತು.

ಸಂವಿಧಾನ ರಚನಾ ಸಭೆಯೇ ಮುಂದೆ ತಾತ್ಕಾಲಿಕ ಸಂಸತ್ತಾಯಿತು; ದಾಕ್ಷಾಯಣಿ ಸದಸ್ಯರಾಗಿದ್ದ ಅದರ ಅವಧಿ 1952ಕ್ಕೆ ಮುಗಿಯಿತು. 1971ರಲ್ಲಿ ದಕ್ಷಿಣ ಕೇರಳದ ಅಡೂರಿನಿಂದ ಲೋಕಸಭೆಗೆ ನಿಂತು ಸೋತರು. 1977ರಲ್ಲಿ ದೆಹಲಿಯಲ್ಲಿ ಮಹಿಳಾ ಜಾಗೃತಿ ಪರಿಷತ್ ಕಟ್ಟಿದರು. 1978ರ ಜುಲೈನಲ್ಲಿ ತೀರಿಕೊಂಡರು.

ಅವರ ಮಾತುಗಳನ್ನು ನೇರವಾಗಿ ಓದಬೇಕೆನ್ನುವ ಮಕ್ಕಳು ಸಂವಿಧಾನ ರಚನಾ ಸಭೆಯ ಚರ್ಚೆಗಳ 7ನೇ ಸಂಪುಟದಿಂದ ಶುರು ಮಾಡಲಿ. ನವೆಂಬರ್ 8 ಮತ್ತು 29, ಎರಡೂ ಅದರಲ್ಲೇ ಇವೆ. 1946ರ ಡಿಸೆಂಬರ್ 19ರ ಮೊದಲ ಭಾಷಣ 1ನೇ ಸಂಪುಟದಲ್ಲಿದೆ.