ನನ್ನ ಓಟು ಟೆಕ್ಕನ್‌ಗೆ

ದಾವಣಗೆರೆಯ ರಾಮ್ ಅಂಡ್ ಕೋ ಸರ್ಕಲ್‌ನಲ್ಲಿ ಮಿರ್ಚಿ ಮಂಡಕ್ಕಿ ತಿನ್ನುವಾಗ ನಮ್ಮ ಗುಂಪಿನಲ್ಲಿ ರಾಜಕೀಯ ಬಿಟ್ಟು ಜಗಳ ಆಗೋದು ಇದೊಂದಕ್ಕೇ: ಇಬ್ಬರು ಎದುರುಬದುರು ಹೊಡೆದಾಡುವ ಫೈಟಿಂಗ್ ವಿಡಿಯೋ ಗೇಮ್‌ಗಳಲ್ಲಿ ಯಾವುದು ಬೆಸ್ಟ್?

ಸ್ಟ್ರೀಟ್ ಫೈಟರ್ ದೊಡ್ಡಣ್ಣ, ಒಪ್ಪುತ್ತೇನೆ. 1991ರಲ್ಲಿ ಅದರ ಎರಡನೇ ಭಾಗ ಬಂದ ಮೇಲೇ ಉಳಿದವರು ಸಾಲಾಗಿ ಬಂದರು. ಏಟಿಗೆ ಏಟು ಪೋಣಿಸುವ ಕಾಂಬೋ ಅಲ್ಲಿ ಬೇಕಂತ ಮಾಡಿದ್ದಲ್ಲ. ಆಟ ತಯಾರಿಸುವಾಗ ಕಣ್ಣಿಗೆ ಬಿದ್ದ ದೋಷವನ್ನೇ ಹಾಗೇ ಉಳಿಸಿಕೊಂಡರು. ಆದರೆ ಅದರಲ್ಲಿರುವ ನಮ್ಮ ದೇಶದವನು ಧಾಲ್ಸಿಮ್ ನೋಡಿ! ಕೊರಳಲ್ಲಿ ಬುರುಡೆ ಸರ, ಬಾಯಲ್ಲಿ ಬೆಂಕಿ, ಎಳೆದಷ್ಟೂ ಉದ್ದವಾಗುವ ಕೈಕಾಲು. ಇದೆಲ್ಲಾ ಯೋಗದಿಂದ ಬಂದಿದ್ದಂತೆ. ನಮ್ಮಪ್ಪ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಯೋಗ ಮಾಡ್ತಾರೆ, ಇನ್ನೂ ಕಾಲ್ಬೆರಳು ಮುಟ್ಟಿಲ್ಲ.

ಮಾರ್ಟಲ್ ಕಾಂಬ್ಯಾಟ್ ನನಗೆ ಬೇಡ. ರಕ್ತ ಜಾಸ್ತಿ, ಊಟ ಸೇರಲ್ಲ.

ಟೆಕ್ಕನ್ ಬೇರೆಯೇ ಲೆಕ್ಕ. ನಾಲ್ಕು ಬಟನ್, ಎರಡು ಕೈ ಎರಡು ಕಾಲಿಗೆ ಒಂದೊಂದು. ಇಷ್ಟು ಸರಳ ಇದ್ದಿದ್ದಕ್ಕೇ ಟೆಕ್ಕನ್ 3ರಲ್ಲಿ ಎಡ್ಡಿ ಗೋರ್ಡೋ ಅನ್ನೋ ಪಾತ್ರ ತಗೊಂಡು ಸಿಕ್ಕಸಿಕ್ಕ ಬಟನ್ ಒತ್ತಿದವರೂ ಗೆಲ್ಲುತ್ತಿದ್ದರು. ಹಾಗಂತ ಮಕ್ಕಳಾಟ ಅಲ್ಲ. 2019ರಲ್ಲಿ ಲಾಹೋರಿನ ಅರ್ಸಲಾನ್ ಆ್ಯಶ್ ಜಪಾನಿಗೂ ಅಮೆರಿಕಕ್ಕೂ ಹೋಗಿ, ಎರಡೂ ಕಡೆ ಫೈಟಿಂಗ್ ಗೇಮ್‌ಗಳ ದೊಡ್ಡ ಟೂರ್ನಿಯಾದ ಇವೋದಲ್ಲಿ ಟೆಕ್ಕನ್ 7 ಗೆದ್ದ. ಅಲ್ಲಿವರೆಗೆ ಪಾಕಿಸ್ತಾನದಲ್ಲಿ ಇಂಥ ಆಟಗಾರರಿದ್ದಾರೆ ಅಂತ ಹೊರಗೆ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಯಾವ್ಯಾವ ಊರಿನ ಗಲ್ಲಿಗಳಲ್ಲಿ ಯಾರ್ಯಾರು ಇದ್ದಾರೋ, ಅಲ್ವಾ?

ಭಾನುವಾರ ವಿದ್ಯಾನಗರದಲ್ಲಿ ಗೆಳೆಯನ ಮನೇಲಿ ಪಂದ್ಯ. ಸೋತವರು ಬೆಣ್ಣೆ ದೋಸೆ ಕೊಡಿಸಬೇಕು.